ಬೋನ್ ಮ್ಯಾರೋ ಕಸಿ: ಬೆಂಗಳೂರಿನ ಬಸ್ಸು ಹತ್ತುವ ಮುನ್ನ

ರಕ್ತ ಪರೀಕ್ಷೆಯ ವರದಿ ಕೈಗೆ ಬಂದರೆ ನಮ್ಮ ಕಡೆ ಎಲ್ಲರ ಕಣ್ಣೂ ಮೊದಲು ಹೋಗುವುದು ಪ್ಲೇಟ್‌ಲೆಟ್ ಸಾಲಿಗೆ. ಡೆಂಗಿ ಕಲಿಸಿದ ಅಭ್ಯಾಸ ಅದು. ಸಂಖ್ಯೆ ಇಪ್ಪತ್ತು ಸಾವಿರಕ್ಕೆ ಇಳಿದಿದ್ದರೆ ಪರಂಗಿ ಎಲೆ ಅರೆದು ರಸ ಕುಡಿಸುತ್ತಾರೆ, ಡ್ರಿಪ್ ಹಾಕಿಸುತ್ತಾರೆ, ಕಾಯುತ್ತಾರೆ. ಡೆಂಗಿಯೇ ಆಗಿದ್ದರೆ ವಾರ ಹತ್ತು ದಿನದಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಎರಡು ವಾರ ಕಳೆದರೂ ಏರಲಿಲ್ಲ, ಜೊತೆಗೆ ಹಿಮೋಗ್ಲೋಬಿನ್ನೂ ಬಿಳಿ ರಕ್ತಕಣವೂ ಇಳಿದಿವೆ ಎಂದಾದರೆ ಡೆಂಗಿಯ ಮಾತು ಬಿಟ್ಟು ಮೂಳೆಮಜ್ಜೆಯ ಕಡೆ ನೋಡಬೇಕು.

ಹಾಗೆಂದು ಆಗಲೇ ಹೆದರಬೇಕಿಲ್ಲ. ನಮ್ಮ ದೇಶದಲ್ಲಿ ಮೂರೂ ಬಗೆಯ ಕಣಗಳು ಒಟ್ಟಿಗೆ ಇಳಿಯಲು ಬಹಳ ಸಲ ಕಾರಣವಾಗುವುದು ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆ. ಅದು ಔಷಧಿಗೆ ವಾರಗಳಲ್ಲೇ ಬಗ್ಗುತ್ತದೆ. ಹಾಗಾಗಿ ಬಿ12 ಪರೀಕ್ಷೆ ಮೊದಲು ಆಗಲಿ. ಅಲ್ಲೇನೂ ಸಿಗದಿದ್ದರೆ ಮುಂದಿನ ಹೆಜ್ಜೆ ಸೊಂಟದ ಹಿಂಬದಿಯ ಮೂಳೆಯಿಂದ ಮಜ್ಜೆಯ ಸಣ್ಣ ಚೂರು ತೆಗೆದು ನೋಡುವುದು. ಅಲ್ಲಿ ರಕ್ತ ತಯಾರಿಸುವ ಕೋಶಗಳೇ ಖಾಲಿಯಾಗಿ, ಆ ಜಾಗದಲ್ಲಿ ಕೊಬ್ಬು ತುಂಬಿಕೊಂಡಿದ್ದರೆ ಕಾಯಿಲೆಯ ಹೆಸರು ಏಪ್ಲಾಸ್ಟಿಕ್ ಅನೀಮಿಯಾ. ಇದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಸ್ವಂತ ಮಜ್ಜೆಯ ಕಾಂಡಕೋಶಗಳನ್ನು ಹೊಡೆದುಹಾಕಿರುತ್ತದೆ.

ಯೂರೋಪಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಬರುವ ಈ ಕಾಯಿಲೆ ಏಷ್ಯಾದಲ್ಲಿ ಅದರ ಎರಡು ಮೂರು ಪಟ್ಟು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ಏಷ್ಯಾದ ಆ ದರ ಇಲ್ಲಿಗೂ ಅನ್ವಯಿಸುತ್ತದೆ ಎಂದುಕೊಂಡರೆ ಇಡೀ ಜಿಲ್ಲೆಗೆ ವರ್ಷಕ್ಕೆ ಸುಮಾರು ಏಳರಿಂದ ಹನ್ನೊಂದು ಮಂದಿ. ಮದ್ದೂರಿನ ಅಥವಾ ಮಳವಳ್ಳಿಯ ವೈದ್ಯರೊಬ್ಬರು ವರ್ಷಗಟ್ಟಲೆ ಇಂಥ ಒಬ್ಬ ರೋಗಿಯನ್ನೂ ನೋಡದೆ ಇರಬಹುದು. ತಡವಾಗುವುದು ಅದಕ್ಕೇ, ಅದನ್ನು ಯಾರ ತಪ್ಪೆಂದೂ ಹೇಳುವಂತಿಲ್ಲ. ಆದರೆ ಈ ಕಾಯಿಲೆಗೆ ಮಜ್ಜೆಯ ಕಸಿ ಮಾಡಿಸಿಕೊಂಡವರು ಬದುಕುಳಿಯುವುದು ಕಸಿ ಕೊಠಡಿಯಲ್ಲಿ ನಡೆಯುವ ಕೆಲಸದಷ್ಟೇ, ಅದಕ್ಕೂ ಮುಂಚಿನ ವಾರಗಳಲ್ಲಿ ಊರಿನಲ್ಲಿ ಏನಾಯಿತು, ಏನಾಗಲಿಲ್ಲ ಎಂಬುದನ್ನೂ ಅವಲಂಬಿಸಿದೆ. ಈ ಲೇಖನದಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ.

ವರದಿಯಲ್ಲಿ ನೋಡಬೇಕಾದ ಒಂದು ಲೆಕ್ಕ

ಕಾಯಿಲೆ ಎಷ್ಟು ತೀವ್ರ ಎಂದು ಹೇಳುವುದು ಪ್ಲೇಟ್‌ಲೆಟ್ ಒಂದೇ ಅಲ್ಲ, ನ್ಯೂಟ್ರೋಫಿಲ್ ಕೂಡ. ಸೋಂಕಿನ ಎದುರು ಮೊದಲು ನಿಲ್ಲುವ ಬಿಳಿ ಕಣ ಅದು. ವರದಿಯಲ್ಲಿ ಅದು ಶೇಕಡಾವಾರು ಇರುತ್ತದೆ, ನಿಜವಾದ ಸಂಖ್ಯೆಯನ್ನು ನೀವೇ ಲೆಕ್ಕ ಹಾಕಬೇಕು. ಟೋಟಲ್ ಕೌಂಟ್ 1,800, ನ್ಯೂಟ್ರೋಫಿಲ್ ಶೇ. 15 ಎಂದಿದ್ದರೆ 1,800ರಲ್ಲಿ ಶೇ. 15 ಅಂದರೆ 270. ಈ ಸಂಖ್ಯೆ 500ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ 20,000ಕ್ಕಿಂತ ಕೆಳಗೆ ಇದ್ದರೆ ಕಾಯಿಲೆ ತೀವ್ರವಾದದ್ದು. ನ್ಯೂಟ್ರೋಫಿಲ್ 200ಕ್ಕಿಂತ ಕೆಳಗಿಳಿದರೆ ಅತಿ ತೀವ್ರ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಪ್ರತಿ ವರದಿಯ ಮೇಲೂ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ದೊಡ್ಡಾಸ್ಪತ್ರೆಯ ಹೆಮಟಾಲಜಿಸ್ಟ್ ಮೊದಲು ಕೇಳುವುದು ಇದನ್ನೇ.

ತೀವ್ರ ಎಂದು ಗೊತ್ತಾದ ಮೇಲೆ ದಾರಿ ಎರಡು. ರೋಗಿಯ ವಯಸ್ಸು ನಲವತ್ತರೊಳಗಿದ್ದು, ಒಡಹುಟ್ಟಿದವರ ಎಚ್‌ಎಲ್‌ಎ (ದಾನಿಯ ಮಜ್ಜೆ ರೋಗಿಗೆ ಹೊಂದುತ್ತದೆಯೇ ಎಂದು ಹೇಳುವ ಕೋಶದ ಗುರುತು) ಪೂರ್ತಿ ಹೊಂದಿದರೆ ನೇರವಾಗಿ ಕಸಿ. ಹೊಂದದಿದ್ದರೆ, ಅಥವಾ ವಯಸ್ಸು ಹೆಚ್ಚಾಗಿದ್ದರೆ, ಎಟಿಜಿ ಎಂಬ ಚುಚ್ಚುಮದ್ದು, ಸೈಕ್ಲೋಸ್ಪೊರಿನ್, ಎಲ್‌ಟ್ರಾಂಬೊಪ್ಯಾಗ್ ಸೇರಿದ ಚಿಕಿತ್ಸೆ. ಎಟಿಜಿ ತಯಾರಾಗುವುದು ಕುದುರೆಯಿಂದ ಇಲ್ಲವೇ ಮೊಲದಿಂದ. ಯಾವುದಾದರೇನು ಎನ್ನಬೇಡಿ. 2011ರಲ್ಲಿ ಪ್ರಕಟವಾದ ಅಮೆರಿಕದ ಹೋಲಿಕೆ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ಕುದುರೆಯದಕ್ಕೆ ಶೇ. 68 ರೋಗಿಗಳು ಸ್ಪಂದಿಸಿದ್ದರು, ಮೊಲದ್ದಕ್ಕೆ ಶೇ. 37 ಮಾತ್ರ. ಕುದುರೆಯ ಎಟಿಜಿ ನಮ್ಮ ದೇಶದಲ್ಲಿ ಸಿಗುತ್ತದೆ, ಕೇಳಿ ಖಚಿತಪಡಿಸಿಕೊಳ್ಳಿ.

ಎಚ್‌ಎಲ್‌ಎ ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ. ಕಾಯಿಲೆ ಖಚಿತವಾದ ವಾರದಲ್ಲೇ ಒಡಹುಟ್ಟಿದ ಎಲ್ಲರ ಮಾದರಿ ಹೋಗಬೇಕು. ಒಡಹುಟ್ಟಿದ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆ ತಾಯಿಯದು ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತದೆ. ಆದರೆ ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟ, ಅತ್ತೆ ಮಗ ಮಾವನ ಮಗಳನ್ನು ತಂದುಕೊಂಡ ಮನೆಗಳು ಕಡಿಮೆಯೇನಿಲ್ಲ. ಅಂಥ ಮನೆಗಳಲ್ಲಿ ತಂದೆಯೋ ತಾಯಿಯೋ ಹತ್ತಿರದ ಸಂಬಂಧಿಯೋ ಪೂರ್ತಿ ಹೊಂದಿಬಿಡುವುದೂ ಉಂಟು. ಮದುವೆಯ ಸಂಬಂಧವನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ. ಅದನ್ನು ಹೇಳಬೇಕಾದ ಇನ್ನೂ ದೊಡ್ಡ ಕಾರಣ ಮುಂದಿದೆ.

ತಮ್ಮನ ರಕ್ತ ಅಣ್ಣನಿಗೆ ಬೇಡ

“ಸಾ, ಬ್ಲಡ್ ಬ್ಯಾಂಕಿಂದ ಯಾರ್ದೋ ಯಾಕೆ? ಅಣ್ಣಂಗೆ ನಂದೇ ಕೊಟ್ಬುಡಿ, ಒಂದೇ ಗ್ರೂಪು.” ಇಂಥ ಮಾತು ನಮ್ಮ ಆಸ್ಪತ್ರೆಗಳ ಮುಂದೆ ಹೊಸದಲ್ಲ. ಪ್ರೀತಿಯಿಂದ ಬಂದ ಮಾತೇ. ಆದರೆ ಕಸಿಗೆ ಹೋಗಬೇಕಾದ ರೋಗಿಗೆ ಇದರಷ್ಟು ಕೆಡುಕು ಮಾಡುವ ಉಪಕಾರ ಇನ್ನೊಂದಿಲ್ಲ.

ಕಾರಣ ಎರಡಿವೆ. ತಮ್ಮನ ರಕ್ತ ಮೈಗೆ ಹೋದಾಗ ಅದರಲ್ಲಿರುವ ಸಣ್ಣಪುಟ್ಟ ಪ್ರೋಟೀನ್ ಗುರುತುಗಳನ್ನು ಅಣ್ಣನ ರಕ್ಷಣಾ ವ್ಯವಸ್ಥೆ ಪರಕೀಯವೆಂದು ನೆನಪಿಟ್ಟುಕೊಳ್ಳುತ್ತದೆ. ನಾಳೆ ಅದೇ ತಮ್ಮನ ಮಜ್ಜೆ ಕೊಟ್ಟರೆ ಅದನ್ನು ಒದ್ದು ಹೊರಗೆ ಹಾಕಬಹುದು. ಇನ್ನೊಂದು ಅಪಾಯ ಅಪರೂಪದ್ದು, ಆದರೆ ಬಂದರೆ ಉಳಿಯುವವರು ತೀರಾ ವಿರಳ. ಹತ್ತಿರದ ಸಂಬಂಧಿಯ ರಕ್ತದಲ್ಲಿರುವ ಲಿಂಫೋಸೈಟ್ ಎಂಬ ಬಿಳಿ ಕಣಗಳು ರೋಗಿಯ ಮೈಯಲ್ಲಿ ನೆಲೆ ನಿಂತು ಅವನ ಚರ್ಮ, ಕರುಳು, ಯಕೃತ್ತು, ಮಜ್ಜೆಯ ಮೇಲೆಯೇ ತಿರುಗಿ ಬೀಳುತ್ತವೆ. ಆದ್ದರಿಂದ ರಕ್ತವಾಗಲಿ, ಒಬ್ಬರಿಂದಲೇ ಯಂತ್ರದ ಮೂಲಕ ತೆಗೆಯುವ ಎಸ್‌ಡಿಪಿ ಪ್ಲೇಟ್‌ಲೆಟ್ ಆಗಲಿ, ಅಪ್ಪ ಅಮ್ಮ, ಅಕ್ಕ ತಂಗಿ, ಅಣ್ಣ ತಮ್ಮ, ಚಿಕ್ಕಪ್ಪ ದೊಡ್ಡಪ್ಪಂದಿರಿಂದ ಬೇಡ. ಗೆಳೆಯರು, ಊರಿನವರು, ಪರಿಚಯವೇ ಇಲ್ಲದ ದಾನಿಗಳೇ ಇಲ್ಲಿ ಉತ್ತಮ.

ಬ್ಲಡ್ ಬ್ಯಾಂಕ್ ಬದಲಿ ರಕ್ತ ಕೇಳಿದರೆ ತಮ್ಮ ಕೊಡಬಾರದೇ? ಕೊಡಲಿ. ಆ ಬಾಟಲು ಅಣ್ಣನಿಗೆ ಹೋಗದೆ ಬೇರೆ ಯಾರಿಗಾದರೂ ಹೋಗುವಂತೆ ಕೌಂಟರಿನಲ್ಲಿ ಹೇಳಿ, ಬರೆಸಿ.

ಯಾರ ರಕ್ತವಾದರೂ ಅಗತ್ಯಕ್ಕಿಂತ ಹೆಚ್ಚು ಬೇಡ. ಕಸಿಗೆ ಮುಂಚೆ ಏರಿಸಿದ ಬಾಟಲುಗಳು ಹೆಚ್ಚಿದಷ್ಟೂ ಕಸಿ ಕೈಕೊಡುವ ಭಯ ಹೆಚ್ಚು. ಮೈಯಲ್ಲಿ ಕಬ್ಬಿಣ ಸೇರಿಕೊಳ್ಳುವುದು ಬೇರೆ. ಪ್ಲೇಟ್‌ಲೆಟ್ ಸಂಖ್ಯೆ ನೋಡಿಯೇ ಬಾಟಲು ತರಿಸುವ ಆತುರ ನಮ್ಮಲ್ಲಿ ವಿಪರೀತ. ಜ್ವರವಿಲ್ಲ, ರಕ್ತಸ್ರಾವವಿಲ್ಲ ಎಂದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿದಾಗ ಮಾತ್ರ ಏರಿಸುವುದು ರೂಢಿ. ಏರಿಸುವ ರಕ್ತ ಬಿಳಿ ಕಣ ಸೋಸಿದ್ದು, ವಿಕಿರಣ ಹಾಯಿಸಿದ್ದು ಆಗಿದ್ದರೆ ಒಳ್ಳೆಯದು. ಇವು ಎಲ್ಲ ಕಡೆ ಸಿಗುವುದಿಲ್ಲ, ದೊಡ್ಡ ನಗರದ ಬ್ಲಡ್ ಬ್ಯಾಂಕುಗಳಲ್ಲಿ ಕೇಳಬೇಕು. ಆದರೆ ಸಂಬಂಧಿಕರ ರಕ್ತ ಬೇಡ ಎನ್ನಲು ಯಾವ ಯಂತ್ರವೂ ಬೇಕಿಲ್ಲ.

ಊರಿನಲ್ಲಿ ಬಿಡಬೇಕಾದವು ಇನ್ನೂ ಕೆಲವಿವೆ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಬೇಡ. ಜ್ವರ ಬಂದೊಡನೆ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಚಾಳಿ ಬೇಡ, ಪ್ಲೇಟ್‌ಲೆಟ್ ಇಲ್ಲದವರಿಗೆ ಆ ಜಾಗದಲ್ಲಿ ರಕ್ತ ಒಳಗೇ ಸೋರಿ ಗಂಟುಕಟ್ಟಿ ಸೋಂಕಾಗಬಹುದು. ಕಾಯಿಲೆ ಏನೆಂದು ತಿಳಿಯುವ ಮೊದಲೇ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿಸುವುದಂತೂ ಬೇಡವೇ ಬೇಡ. ಅದು ಏಪ್ಲಾಸ್ಟಿಕ್ ಅನೀಮಿಯಾಗೆ ಮದ್ದಲ್ಲ, ಫಂಗಸ್ಸಿಗೆ ಬಾಗಿಲು ತೆಗೆದುಕೊಡುತ್ತದೆ. ಬರಿಗಾಲಲ್ಲಿ ಗದ್ದೆಗೆ ಇಳಿದವರ ಹೊಟ್ಟೆಯಲ್ಲಿ ಸ್ಟ್ರಾಂಜಿಲಾಯ್ಡ್ಸ್ ಎಂಬ ಹುಳು ಸದ್ದಿಲ್ಲದೆ ಇರಬಹುದು, ಸ್ಟೀರಾಯ್ಡ್ ಬಿದ್ದರೆ ಅದು ಮೈಯೆಲ್ಲ ಹರಡಿ ಪ್ರಾಣಕ್ಕೆ ಬರಬಹುದು. ಕಸಿಗೆ ಮುಂಚೆ ಅದಕ್ಕೆ ಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.

ಇನ್ನು ಜ್ವರ. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇರುವವರಿಗೆ 100.4 ಡಿಗ್ರಿ ಜ್ವರವೆಂದರೆ ಹೃದಯಾಘಾತದಷ್ಟೇ ತುರ್ತು. ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ಮಳವಳ್ಳಿಗೆ ರೈಲಿಲ್ಲ. ಎಕ್ಸ್‌ಪ್ರೆಸ್‌ವೇ ಇದ್ದರೂ ಮಂಡ್ಯದಿಂದ ಬೆಂಗಳೂರು ನೂರು ಕಿಲೋಮೀಟರ್, ಕೆಂಗೇರಿ ದಾಟುವಷ್ಟರಲ್ಲೇ ಆ ಗಂಟೆ ಮುಗಿದಿರುತ್ತದೆ. ಆದ್ದರಿಂದ ನಿಮ್ಮ ಹೆಮಟಾಲಜಿಸ್ಟ್‌ರಿಂದ ಒಂದು ಚೀಟಿ ಮುಂಚೆಯೇ ಬರೆಸಿಕೊಳ್ಳಿ: ರೋಗ ಯಾವುದು, ಜ್ವರ ಬಂದರೆ ಯಾವ ಆ್ಯಂಟಿಬಯಾಟಿಕ್, ಎಷ್ಟು ಪ್ರಮಾಣ, ಯಾರಿಗೆ ಫೋನ್ ಮಾಡಬೇಕು. ಮೊದಲ ಡೋಸ್ ತಾಲ್ಲೂಕು ಆಸ್ಪತ್ರೆಯಲ್ಲೋ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲೋ ಆಗಲಿ, ಪ್ರಯಾಣ ಆಮೇಲೆ.

ಮಕ್ಕಳಾದರೆ ಈ ಪರೀಕ್ಷೆ ತಪ್ಪಿಸಬೇಡಿ

ಮದುವೆಯ ಸಂಬಂಧ ಹೇಳಬೇಕಾದ ದೊಡ್ಡ ಕಾರಣ ಇದು. ಮಗುವಿನ ಮಜ್ಜೆ ಖಾಲಿಯಾಗಲು ಹುಟ್ಟಿನಿಂದ ಬಂದ ದೋಷವೂ ಕಾರಣವಾಗಬಹುದು. ಅವುಗಳಲ್ಲಿ ಮುಖ್ಯವಾದದ್ದು ಫ್ಯಾಂಕೋನಿ ಅನೀಮಿಯಾ. ಸ್ವಿಸ್ ಮಕ್ಕಳ ವೈದ್ಯ ಗೀಡೊ ಫ್ಯಾಂಕೋನಿ 1927ರಲ್ಲಿ ಮೊದಲು ವಿವರಿಸಿದ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಬಹುತೇಕ ಕಾಣಿಸಿಕೊಳ್ಳುವುದರಿಂದ ಸಂಬಂಧದೊಳಗಿನ ಮದುವೆಗಳಲ್ಲಿ ಹೆಚ್ಚು. ಕುಳ್ಳು ಮೈ, ಹೆಬ್ಬೆರಳಿನ ವ್ಯತ್ಯಾಸ, ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆ, ಒಂದೇ ಮೂತ್ರಪಿಂಡ ಇಂಥ ಗುರುತುಗಳಿರಬಹುದು, ಏನೂ ಇಲ್ಲದೆಯೂ ಇರಬಹುದು.

ಈ ಮಕ್ಕಳ ಜೀವಕೋಶಗಳಿಗೆ ಡಿಎನ್‌ಎ ಕೆಟ್ಟರೆ ಸರಿಪಡಿಸಿಕೊಳ್ಳುವ ಶಕ್ತಿ ಸಾಲದು. ಕಸಿಗೆ ಮುಂಚೆ ಉಳಿದವರಿಗೆ ಕೊಡುವ ಪ್ರಮಾಣದ ಸೈಕ್ಲೊಫಾಸ್ಫಮೈಡ್ ಕೊಟ್ಟರೆ ಆ ಮದ್ದೇ ಮಗುವನ್ನು ಕೊಲ್ಲಬಹುದು, ಅವರಿಗೆ ಬೇಕಾದದ್ದು ಅದರ ಒಂದು ಸಣ್ಣ ಪಾಲು. ಮೈಟೊಮೈಸಿನ್ ಬಳಸಿ ಮಾಡುವ ಕ್ರೋಮೋಸೋಮ್ ಬ್ರೇಕೇಜ್ ಪರೀಕ್ಷೆಗೆ ಬೇಕಾಗುವುದು ಒಂದಿಷ್ಟು ರಕ್ತ ಮಾತ್ರ. ಮಗುವಿಗೂ ಮಾಡಿಸಿ, ಮಜ್ಜೆ ಕೊಡಲಿರುವ ಒಡಹುಟ್ಟಿದವರಿಗೂ ಮಾಡಿಸಿ. ನೋಡಲು ಗಟ್ಟಿಮುಟ್ಟಾಗಿರುವ ಅಕ್ಕನಲ್ಲೂ ಅದೇ ದೋಷ ಅಡಗಿರಬಹುದು. ಕಸಿಯ ಸುರಕ್ಷತೆಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಲಾಭ ಕೊಡುವ ಇನ್ನೊಂದು ಪರೀಕ್ಷೆ ನನಗೆ ತಿಳಿದಿಲ್ಲ.

ಕಸಿಯಲ್ಲಿ ಏನು ನಡೆಯುತ್ತದೆ, ಏನು ಕೇಳಬೇಕು

ಭಾರತದ ಮೊದಲ ಮಜ್ಜೆ ಕಸಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆಯಿತು. ವೆಲ್ಲೂರಿನ ಸಿಎಂಸಿ 1986ರಲ್ಲಿ ಶುರುಮಾಡಿತು. ಈಗ ಬೆಂಗಳೂರಿನಲ್ಲೇ ಸೇಂಟ್ ಜಾನ್ಸ್, ಬೊಮ್ಮಸಂದ್ರದ ನಾರಾಯಣ, ಸರ್ಕಾರದ ಕಿದ್ವಾಯಿ ಸೇರಿ ಹಲವು ಕಡೆ ಕಸಿ ಘಟಕಗಳಿವೆ. ಕೇಳಬೇಕಾದ ಮೊದಲ ಪ್ರಶ್ನೆ ‘ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಕಸಿ’ ಎಂದಲ್ಲ, ‘ಏಪ್ಲಾಸ್ಟಿಕ್ ಅನೀಮಿಯಾಗೆ ಎಷ್ಟು’ ಎಂದು. ಏಕೆಂದರೆ ರಕ್ತದ ಕ್ಯಾನ್ಸರಿಗೆ ಮಾಡುವ ಕಸಿಯೇ ಬೇರೆ, ಇದೇ ಬೇರೆ.

ಬಿತ್ತುವ ಮುನ್ನ ಹೊಲ ಹದ ಮಾಡುವಂತೆ, ಕಾಂಡಕೋಶ ಕೊಡುವ ಮುನ್ನ ಕೆಲವು ದಿನ ತೀಕ್ಷ್ಣ ಮದ್ದು ಕೊಡುತ್ತಾರೆ. ಕ್ಯಾನ್ಸರಿನಲ್ಲಿ ಅದಕ್ಕೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕೆಲಸವೂ ಇದೆ. ಇಲ್ಲಿ ಕೊಲ್ಲಬೇಕಾದ ಕ್ಯಾನ್ಸರ್ ಇಲ್ಲ, ದಾರಿ ತಪ್ಪಿದ ರಕ್ಷಣಾ ಪಡೆಯನ್ನು ಅಡಗಿಸಿದರೆ ಸಾಕು. ಅದಕ್ಕೇ ಮದ್ದು ಮೆದುವಾಗಿರಬಹುದು, ವಿಕಿರಣ ಬಹಳ ಸಲ ಬೇಕಾಗದೆಯೂ ಇರಬಹುದು. ಫ್ಲುಡರಬೀನ್, ಸೈಕ್ಲೊಫಾಸ್ಫಮೈಡ್, ಎಟಿಜಿ ಇವುಗಳದೇ ಹೆಚ್ಚು ಬಳಕೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುವ ತೊಂದರೆಗೆ ವೈದ್ಯರು ಜಿವಿಎಚ್‌ಡಿ ಎನ್ನುತ್ತಾರೆ. ರಕ್ತದ ಕ್ಯಾನ್ಸರಿನಲ್ಲಿ ಅದು ಸ್ವಲ್ಪ ಬಂದರೆ ಉಳಿದ ಕ್ಯಾನ್ಸರ್ ಕೋಶಗಳೂ ಅದಕ್ಕೆ ಬಲಿಯಾಗುತ್ತವೆ, ಒಂದು ಲಾಭ. ಏಪ್ಲಾಸ್ಟಿಕ್ ಅನೀಮಿಯಾದಲ್ಲಿ ಅದರಿಂದ ಕಿಂಚಿತ್ತೂ ಲಾಭವಿಲ್ಲ, ಬರೀ ನಷ್ಟ. ಆದ್ದರಿಂದ ಕಾಂಡಕೋಶವನ್ನು ಸೊಂಟದ ಮೂಳೆಯ ಮಜ್ಜೆಯಿಂದ ತೆಗೆಯುತ್ತೀರೋ, ಇಂಜೆಕ್ಷನ್ ಕೊಟ್ಟು ರಕ್ತದಿಂದ ಸೋಸುತ್ತೀರೋ ಎಂದು ಕೇಳಿ. ರಕ್ತದಿಂದ ತೆಗೆದದ್ದು ಬೇಗ ಹತ್ತುತ್ತದೆ, ಆದರೆ ಅದರಲ್ಲಿ ಲಿಂಫೋಸೈಟ್ ಹೆಚ್ಚಾಗಿ ಜಿವಿಎಚ್‌ಡಿಯೂ ಹೆಚ್ಚು. ಅಂತರರಾಷ್ಟ್ರೀಯ ಅಧ್ಯಯನಗಳು ಈ ಕಾಯಿಲೆಗೆ ಮಜ್ಜೆಯೇ ಮೇಲು ಎನ್ನುತ್ತವೆ. ನಮ್ಮಲ್ಲಿ ರೋಗಿಗಳು ಬಹಳ ರಕ್ತ ಏರಿಸಿಕೊಂಡು, ಸೋಂಕಿನೊಂದಿಗೆ ಬರುತ್ತಾರೆ, ಬೇಗ ಹತ್ತುವುದು ಮುಖ್ಯ ಎಂದು ರಕ್ತದಿಂದ ತೆಗೆಯುವ ವೈದ್ಯರೂ ಇದ್ದಾರೆ. ಅದೂ ಒಪ್ಪತಕ್ಕ ವಾದ. ಯಾಕೆಂದು ಕಾರಣ ಹೇಳುವ ವೈದ್ಯರು ಸಿಕ್ಕರೆ ನಂಬಿ.

ಅರ್ಧ ಹೊಂದುವ ಅಪ್ಪ ಅಮ್ಮ, ಮಕ್ಕಳ ಮಜ್ಜೆಯಿಂದಲೂ ಈಗ ಕಸಿ ಆಗುತ್ತದೆ. ಕಸಿಯಾದ ಮೂರನೆಯ, ನಾಲ್ಕನೆಯ ದಿನ ಮತ್ತೆ ಸೈಕ್ಲೊಫಾಸ್ಫಮೈಡ್ ಕೊಟ್ಟು ತಿರುಗಿಬೀಳುವ ಕೋಶಗಳನ್ನಷ್ಟೇ ಹೊಡೆಯುವ ಉಪಾಯ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೆಳೆದು ಬಂದದ್ದು. ದಾನಿಯೇ ಇಲ್ಲ ಎಂದು ಕೈಚೆಲ್ಲುವ ಕಾಲ ಹೋಗಿದೆ.

ದಾನಿಗಳ ಬಗ್ಗೆಯೂ ಒಂದು ಮಾತು. “ಬೆನ್ಮೂಳೆಗೆ ಸೂಜಿ ಹಾಕ್ತಾರಂತೆ, ಆಮೇಲೆ ಗೇಯಕ್ಕಾಗಕಿಲ್ವಂತೆ” ಎಂಬ ಹೆದರಿಕೆ ಸುಳ್ಳು. ಬೆನ್ನುಮೂಳೆಯ ತಂಟೆಗೆ ಯಾರೂ ಹೋಗುವುದಿಲ್ಲ, ಸೂಜಿ ಸೊಂಟದ ಮೂಳೆಗೆ, ಅದೂ ಅರಿವಳಿಕೆ ಕೊಟ್ಟು. ಕೆಲವು ದಿನ ಸೊಂಟ ನೋಯುತ್ತದೆ. ಕೊಟ್ಟ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಮನೆಗೆ ಬಂದ ಮೇಲೆ

ಹೊಸ ಮಜ್ಜೆ ಹತ್ತಿ ನ್ಯೂಟ್ರೋಫಿಲ್ 500 ದಾಟಲು ಎರಡರಿಂದ ನಾಲ್ಕು ವಾರ. ಮೊದಲ ನೂರು ದಿನ ಆಸ್ಪತ್ರೆಗೆ ಹತ್ತಿರದಲ್ಲೇ ರೂಮು ಮಾಡಿಕೊಂಡಿರುವುದು ಖರ್ಚಾದರೂ ಬೇಕು. ಆ ನಂತರ ಊರು.

ನಮ್ಮ ಊರುಗಳ ಸಂಗತಿಗಳನ್ನು ಬೆಂಗಳೂರಿನ ಡಿಸ್ಚಾರ್ಜ್ ಚೀಟಿ ಹೇಳುವುದಿಲ್ಲ. ಆಲೆಮನೆಯ ಹತ್ತಿರ ಒಣಹಾಕಿದ ಕಬ್ಬಿನ ಸಿಪ್ಪೆ, ಗದ್ದೆಯ ತರಗು, ಹುಲ್ಲಿನ ಮೆದೆ, ತಿಪ್ಪೆ ಇವೆಲ್ಲ ಆಸ್ಪರ್ಜಿಲಸ್‌ನಂಥ ಫಂಗಸ್ ಬೀಜಗಳ ಮನೆ. ಹುಲ್ಲು ಕೆದಕುವಾಗ, ತಿಪ್ಪೆ ಎತ್ತುವಾಗ ರೋಗಿ ಹತ್ತಿರ ಸುಳಿಯಬಾರದು. ದನದ ಕೊಟ್ಟಿಗೆ ಮನೆಗೇ ಅಂಟಿಕೊಂಡಿದ್ದರೆ ಒಂದು ವರ್ಷ ಮಲಗುವ ಕೋಣೆ ಬೇರೆ ಕಡೆ ಮಾಡಿ. ಔಷಧಿ ಹೊಡೆಯುವ ಕೆಲಸಕ್ಕೆ ಮರಳುವುದು ಬೇಡ. ಥಾಯ್ಲೆಂಡಿನ ದೊಡ್ಡ ಅಧ್ಯಯನವೊಂದರಲ್ಲಿ ಕೀಟನಾಶಕಕ್ಕೂ ಈ ಕಾಯಿಲೆಗೂ ನಂಟು ಕಂಡಿದೆ. ಮುತ್ತತ್ತಿಯ ಆಂಜನೇಯನ ಗುಡಿಗೆ ಹೋಗಿ ಹೊಳೆಯಲ್ಲಿ ಮುಳುಗಿ ಮುಡಿ ಕೊಡುವ ಹರಕೆ ಇದ್ದರೆ ದೇವರು ಎರಡು ವರ್ಷ ಕಾಯುತ್ತಾನೆ, ವೈದ್ಯರು ಒಪ್ಪಿದ ಮೇಲೆ ಹೋಗಿ.

ಮದ್ದೂರಿನಲ್ಲಿ ಎಳನೀರಿಗೆ ಬರವಿಲ್ಲ, ನಿಶ್ಶಕ್ತರಾದವರಿಗೆ ಮೊದಲು ಕೊಡುವುದೂ ಅದನ್ನೇ. ಆದರೆ ಕಸಿಯಾದ ಮೇಲೆ ನುಂಗುವ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಮಾತ್ರೆಗಳು ರಕ್ತದ ಪೊಟ್ಯಾಸಿಯಂ ಏರಿಸಬಹುದು, ಎಳನೀರಿನ ತುಂಬ ಇರುವುದೂ ಪೊಟ್ಯಾಸಿಯಂ. ಎರಡೂ ಸೇರಿದರೆ ಹೃದಯದ ಬಡಿತಕ್ಕೇ ಕುತ್ತು. ಕೇಳದೆ ಕುಡಿಸಬೇಡಿ. ಚಕ್ಕೋತ ಪೂರ್ತಿ ಬೇಡ, ಅದು ಈ ಮಾತ್ರೆಗಳ ಮಟ್ಟವನ್ನೇ ರಕ್ತದಲ್ಲಿ ಏರಿಸಿಬಿಡುತ್ತದೆ. ನಾಟಿ ಔಷಧಿಯೂ ಬೇಡ. ಮಾತ್ರೆಯ ಕಂಪನಿ ಬದಲಾಯಿಸುವ ಮುನ್ನ ವೈದ್ಯರಿಗೆ ಹೇಳಿ, ಮಟ್ಟದ ಪರೀಕ್ಷೆ ತಪ್ಪಿಸಬೇಡಿ, ಹುಷಾರಾದೆ ಎಂದು ನೀವೇ ನಿಲ್ಲಿಸಬೇಡಿ.

ಊಟದಲ್ಲಿ ವಿಪರೀತ ಪಥ್ಯ ಬೇಕಿಲ್ಲ, ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಒಲೆಯಿಂದ ಇಳಿದ ಬಿಸಿ ಮುದ್ದೆ, ಕುದಿಯುವ ಬಸ್ಸಾರಿಗಿಂತ ಸುರಕ್ಷಿತ ಊಟ ಯಾವುದಿದೆ? ಚೆನ್ನಾಗಿ ಬೆಂದ ಬಾಡೂ ಸರಿ. ರಸ್ತೆ ಬದಿಯ ಐಸ್ ಹಾಕಿದ ಕಬ್ಬಿನ ಹಾಲು, ಮದುವೆ ಮನೆಯ ಕೋಸಂಬರಿ, ಕಾಯಿಸದ ಹಾಲು ಬೇಡ. ಮನೆಯಲ್ಲಿ ಪೋಲಿಯೊ ಹನಿ ಹಾಕಿಸಿಕೊಂಡ ಕೂಸಿದ್ದರೆ ಕೆಲವು ವಾರ ಅದರ ಮಲ ಒರೆಸುವ ಕೆಲಸ ರೋಗಿಯದಲ್ಲ. ಹಳೆಯ ಲಸಿಕೆಗಳ ರಕ್ಷಣೆ ಕಸಿಯೊಂದಿಗೆ ಹೋಗಿರುತ್ತದೆ, ಮತ್ತೆ ಮೊದಲಿನಿಂದ ಹಾಕಿಸಬೇಕು. ಯಾವುದು ಯಾವಾಗ ಎಂದು ಬರೆಸಿಕೊಳ್ಳಿ.

ಹಣದ ವಿಷಯಕ್ಕೆ ಬಂದರೆ, ಒಡಹುಟ್ಟಿದವರಿಂದ ಮಾಡುವ ಕಸಿಗೂ ಹಲವು ಲಕ್ಷ ರೂಪಾಯಿ ಆಗುತ್ತದೆ. ಜಮೀನು ಅಡವಿಡುವ ಮೊದಲು ಬಿಪಿಎಲ್ ಕಾರ್ಡ್ ಹಿಡಿದು ಮಿಮ್ಸ್‌ನಿಂದ ಶಿಫಾರಸು ಚೀಟಿ ಪಡೆಯಿರಿ. ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವ ಭಾಗ ಸಿಗುತ್ತದೆ ಎಂದು ದಾಖಲಾಗುವ ಮೊದಲೇ ಬರೆಸಿಕೊಳ್ಳಿ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಲು ಆಸ್ಪತ್ರೆಯ ಅಂದಾಜು ಪಟ್ಟಿ ಬೇಕು. ಕೋಲ್ ಇಂಡಿಯಾ 2017ರಲ್ಲಿ ಥಲಸ್ಸೀಮಿಯಾ ಮಕ್ಕಳ ಕಸಿಗೆಂದು ಆರಂಭಿಸಿದ ಬಾಲ ಸೇವಾ ಯೋಜನೆಗೆ ಮುಂದೆ ಏಪ್ಲಾಸ್ಟಿಕ್ ಅನೀಮಿಯಾವೂ ಸೇರಿತು. ಮಗುವಾದರೆ ಅದನ್ನೂ ವಿಚಾರಿಸಿ.

ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲದವರು ಓದುತ್ತಿದ್ದರೆ ನಿಮಗೂ ಒಂದು ಕೆಲಸವಿದೆ. ಎಚ್‌ಎಲ್‌ಎ ಹೊಂದುವುದು ಬಹುಮಟ್ಟಿಗೆ ನಮ್ಮ ನಮ್ಮ ಜನರ ನಡುವೆಯೇ. ಮಂಡ್ಯದ ಹುಡುಗನೊಬ್ಬನಿಗೆ ಜರ್ಮನಿಯ ದಾನಿ ಹೊಂದುವುದಕ್ಕಿಂತ ಪಕ್ಕದ ಜಿಲ್ಲೆಯವನು ಹೊಂದುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿಯಂಥ ಸಂಸ್ಥೆಗಳಲ್ಲಿ ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಕೊಟ್ಟರೆ ಹೆಸರು ದಾಖಲಾಗುತ್ತದೆ. ಆದರೆ ಮನೆಯವರ ಜೊತೆ ಮಾತಾಡಿ, ಕರೆ ಬಂದರೆ ಹೋಗುತ್ತೇನೆ ಎಂದು ಗಟ್ಟಿ ಮಾಡಿಕೊಂಡೇ ಹೆಸರು ಕೊಡಿ. ಕಸಿಯ ಮದ್ದು ಶುರುವಾದ ಮೇಲೆ ದಾನಿ ಹಿಂದೆ ಸರಿದರೆ ಆ ರೋಗಿಯ ಮೈಯಲ್ಲಿ ಹಳೆಯ ಮಜ್ಜೆಯೂ ಇರುವುದಿಲ್ಲ, ಹೊಸದೂ ಇರುವುದಿಲ್ಲ.